ಎಕ್ಸ್‌ಟೆಂಡ್ ಷಡ್ಡಕರು

ನಮ್ಮ ಷಡ್ಡಕರ ಪ್ರಕಾರ ಒಂದೇ ಸ್ಕ್ರೀನ್ ಇಟ್ಟುಕೊಂಡವನು ಬಡವ. "1998ರಲ್ಲೇ ವಿಂಡೋಸ್ 98 ಒಂಬತ್ತು ಮಾನಿಟರ್‌ವರೆಗೆ ಡೆಸ್ಕ್‌ಟಾಪ್ ಹರಡ್ತಿತ್ತು ಕಣ್ರೀ. ನೀವಿನ್ನೂ ಆಲ್ಟ್-ಟ್ಯಾಬ್ ಒತ್ಕೊಂಡು ಕೂತಿದೀರಲ್ಲ!" ಎಂದು ನನ್ನನ್ನು ಮೂದಲಿಸುತ್ತಾರೆ. ವೈರ್ ಮಾತ್ರ ಅವರಿಗೆ ಆಗದು. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಎರಡು ನಿಮಿಷದಲ್ಲಿ ಮುಗಿಯುವುದನ್ನು ಅರ್ಧ ದಿನ ಕೂತು ಗಾಳಿಯಲ್ಲೇ ಸಾಧಿಸುತ್ತಾರೆ.

ವರ್ಕ್ ಫ್ರಮ್ ಹೋಮ್ ದಿನ ಅವರ ಬೆಂಗಳೂರು ಫ್ಲ್ಯಾಟಿನಲ್ಲಿ ಹಾಲ್‌ನ ಟಿವಿ ಜಪ್ತಿ. ವಿಂಡೋಸ್ ಕೀ ಜತೆ 'ಕೆ' ಒತ್ತಿ ಮಿರಾಕಾಸ್ಟ್‌ನಲ್ಲಿ ಟಿವಿ ಹಿಡಿಯುವುದು, 'ಪಿ' ಒತ್ತಿ 'ಎಕ್ಸ್‌ಟೆಂಡ್' ಆರಿಸುವುದು. ಒಮ್ಮೆ ಕೈತಪ್ಪಿ 'ಡೂಪ್ಲಿಕೇಟ್' ಆಗಿ ಅವರ ಅಪ್ರೈಸಲ್ ಮೇಲ್ ಐವತ್ತೈದು ಇಂಚಿನಲ್ಲಿ ಮೂಡಿತು. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. (ಅಳಿಯನ ಬಗ್ಗೆ ಇಷ್ಟು ಅಧಿಕೃತ ಮಾಹಿತಿ ಮದುವೆಗೆ ಮುಂಚೆಯೂ ಸಿಕ್ಕಿರಲಿಲ್ಲವಂತೆ.)

ಮಿರಾಕಾಸ್ಟ್‌ನಲ್ಲಿ ವಿಂಡೋಸ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪರದೆ ಕೊಡುತ್ತದೆ. ಅಷ್ಟಕ್ಕೆ ಸುಮ್ಮನಾಗುವ ಜೀವವೇ? ಹಳೆಯ ಟ್ಯಾಬ್‌ಗೂ ಫೋನಿಗೂ ಯಾವುದೋ ಪುಕ್ಕಟೆ ಆ್ಯಪ್ ಹಾಕಿ, ಮನೆಯ ವೈಫೈ ಮೇಲೆ ಅವನ್ನೂ ಮಾನಿಟರ್ ಮಾಡಿದ್ದಾರೆ. ಟಿವಿಯಲ್ಲಿ ಎಕ್ಸೆಲ್, ಟ್ಯಾಬಿನಲ್ಲಿ ಮೇಲ್, ಫೋನಿನಲ್ಲಿ ಏನಿಡಬೇಕೆಂದು ತೋಚದೆ ಗಡಿಯಾರ.

ಚಿತ್ರವನ್ನು ಲ್ಯಾಪ್‌ಟಾಪ್ ಕುಗ್ಗಿಸಿ ಕಳಿಸಬೇಕು, ಆ ಕಡೆ ಬಿಚ್ಚಿ ತೋರಿಸಬೇಕು. ಹಾಗಾಗಿ ಮೌಸ್‌ನ ಬಾಣ ಕೈಗಿಂತ ಒಂದು ಕ್ಷಣ ಹಿಂದೆ. ಜತೆಗೆ ಅವರ ರೂಟರ್ ಇರುವುದು 2.4 ಗಿಗಾಹರ್ಟ್ಸ್‌ನಲ್ಲಿ. ಮೈಕ್ರೋವೇವ್ ಅವನ್‌ನದೂ ಅದೇ ಆಸುಪಾಸು. ನಾದಿನಿ ಸಾರು ಬಿಸಿಗಿಟ್ಟರೆ ಟ್ಯಾಬ್ ತಡವರಿಸುತ್ತದೆ.

"ಸಾರು ಆಮೇಲೆ ಬಿಸಿ ಮಾಡೇ, ಕಾಲ್‌ನಲ್ಲಿದೀನಿ!"

"ತಣ್ಣಗಿರೋದೇ ಬಡಿಸ್ತೀನಿ ಬಿಡಿ, ಅದಕ್ಕೂ ವೈರ್ ಬೇಡ."

ಕೆಲವೊಮ್ಮೆ ಬಾಣವೇ ಕಾಣೆ. "ಅತ್ತೆ, ಮೌಸ್ ನಿಮ್ಮ ಕಡೆ ಬಂತಾ ನೋಡಿ." ಅತ್ತೆ ಸೋಫಾ ಕೆಳಗೆ ಬಗ್ಗಿ ನೋಡುತ್ತಾರೆ.

ಮೊನ್ನೆ ಮೀಟಿಂಗಿನಲ್ಲಿ ಮ್ಯಾನೇಜರ್ ಬಜೆಟ್ ಶೀಟ್ ತೋರಿಸಿ ಎಂದರು. ಧಾರಾವಾಹಿಯ ಹೊತ್ತಾಗಿದ್ದರಿಂದ ಟಿವಿಯನ್ನು ಅತ್ತೆಗೆ ಬಿಟ್ಟುಕೊಟ್ಟು, ಶೀಟನ್ನು ಟ್ಯಾಬಿಗೆ ದಾಟಿಸಿದ್ದರು ಷಡ್ಡಕರು. ಆ ಟ್ಯಾಬ್ ಎತ್ತಿಕೊಂಡು ಮಗ ರೂಮಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಾನೆ.

"ಪುಟ್ಟಾ, ಅಪ್ಪನ ಎಕ್ಸೆಲ್ ಕೊಡೋ!"

"ಇರಪ್ಪಾ," ಒಳಗಿಂದ ದನಿ, "ಇನ್ನೊಂಚೂರು ಹಳದಿ ತುಂಬೋದಿದೆ."