ಗುಡ್ಡ, ಗಂಟೆ, ಗೊನ್ಜಾಗ: ಒಂದು ಮಹಾಸಂಶೋಧನೆಯ ಸಾರಸಂಗ್ರಹ

ಶಾಲೆಗಳ ಚರಿತ್ರೆ ಬರೆದವರೆಲ್ಲ ಜಾಗ ಯಾರು ಕೊಟ್ಟರು, ಕಟ್ಟಡ ಎಂದು ಎದ್ದಿತು ಎಂಬಲ್ಲಿಗೇ ಲೇಖನಿ ಕೆಳಗಿಟ್ಟಿದ್ದಾರೆ. ಹುಡುಗರ ಕಡೆಯಿಂದ ಯಾರೂ ನೋಡಿಲ್ಲ. ಈ ಮಹಾಲೋಪವನ್ನು ತುಂಬಲು ನಾವು ಮಂಗಳೂರಿನ ಸಂತ ಅಲೋಶಿಯಸ್ ಶಾಲೆಯನ್ನೂ ಅದರ ಗೋತ್ರಕ್ಕೆ ಸೇರಿದ ಇತರ ಕ್ಯಾಥೋಲಿಕ್ ಗಂಡುಹುಡುಗರ ಹೈಸ್ಕೂಲುಗಳನ್ನೂ ಕೈಗೆತ್ತಿಕೊಂಡಿದ್ದೇವೆ. ನಮ್ಮ ಪ್ರಮೇಯ ಇಷ್ಟೇ: ಇಂಥ ಶಾಲೆಯಲ್ಲಿ ಎರಡು ಪರಂಪರೆಗಳಿರುತ್ತವೆ. ಒಂದನ್ನು ಪಾದ್ರಿಗಳು ಸ್ಥಾಪಿಸಿದರು, ಇನ್ನೊಂದನ್ನು ಹಿಂದಿನ ಬೆಂಚಿನವರು. ಮೊದಲನೆಯದಕ್ಕೆ ಶತಮಾನೋತ್ಸವವೂ ಆಗಿಹೋಯಿತು. ಎರಡನೆಯದಕ್ಕೆ ಒಂದು ಫೋಟೋ ಕೂಡ ಇಲ್ಲ.

ಮೊದಲು ಕಾಲನಿರ್ಣಯ. ಜೆಸ್ವಿಟ್ ಪಾದ್ರಿಗಳ ಯೇಸುಸಭೆಗೆ ಪೋಪರ ಒಪ್ಪಿಗೆ ಸಿಕ್ಕಿದ್ದು 1540ರಲ್ಲಿ. ಸಿಸಿಲಿಯ ಮೆಸ್ಸಿನಾದಲ್ಲಿ ಅವರು ಶಾಲೆ ತೆರೆದದ್ದು 1548ರಲ್ಲಿ. ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದದ್ದು 1878ರ ಕೊನೆಗೆ. 1880ರಲ್ಲಿ ಬಾಡಿಗೆ ಮನೆಯೊಂದರಲ್ಲಿ ಪಾಠ ಶುರುಮಾಡಿ, ಆಮೇಲೆ ಗುಡ್ಡ ಹತ್ತಿದರು. ಅಂದರೆ ಮೆಸ್ಸಿನಾದಿಂದ ಮಂಗಳೂರಿಗೆ 332 ವರ್ಷ. ಇಷ್ಟು ನಿಧಾನವಾಗಿ ಬಂದವರು, ಅದೇ ಗುಡ್ಡ ಹತ್ತಿ ಏದುಸಿರು ಬಿಡುತ್ತ ಐದು ನಿಮಿಷ ತಡವಾಗಿ ಬಂದ ಹುಡುಗನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಯಾವ ನ್ಯಾಯ ಎಂಬುದನ್ನು ವಿದ್ವಾಂಸರು ವಿಚಾರಿಸಬೇಕು.

ದಂಡನೀತಿಯ ವಿಷಯಕ್ಕೆ ಗಟ್ಟಿ ಆಕರವಿದೆ. 1599ರ ‘ರಾಶಿಯೋ ಸ್ಟುಡಿಯೋರಮ್’ ಜೆಸ್ವಿಟ್ ಶಾಲೆಗಳ ಧರ್ಮಶಾಸ್ತ್ರ. ಅದರ ಪ್ರಕಾರ ಪಾದ್ರಿಗಳು ಹುಡುಗರ ಮೇಲೆ ಕೈ ಮಾಡುವಂತಿಲ್ಲ. ಹೊಡೆಯುವುದಕ್ಕೆಂದೇ ಸಭೆಯ ಹೊರಗಿನವನೊಬ್ಬನನ್ನು ನೇಮಿಸಬೇಕು. ಪುಣ್ಯ ಒಳಗಿನವರಿಗೆ, ಬೆತ್ತ ಹೊರಗಿನವರಿಗೆ. ಈ ಪ್ರಾಚೀನ ಹುದ್ದೆ ನಮ್ಮಲ್ಲಿ ಡ್ರಿಲ್ ಮಾಸ್ತರರಿಗೆ ಸಂದಿತೆಂದು ನಮ್ಮ ಊಹೆ. ಸೀಟಿಯೊಂದು ಆಮೇಲೆ ಸೇರಿದ ಪ್ರಕ್ಷಿಪ್ತ.

ಉತ್ತರಪತ್ರಿಕೆಯ ನೆತ್ತಿಯ ಮೇಲೆ ‘ಎ.ಎಂ.ಡಿ.ಜಿ.’ ಎಂದು ಬರೆಯುವುದು ಜೆಸ್ವಿಟ್ ಶಾಲೆಗಳ ಸಂಪ್ರದಾಯ. ‘ದೇವರ ಹೆಚ್ಚಿನ ಮಹಿಮೆಗಾಗಿ’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳವು. ಗಣಿತದ ದಿನ ಅದರ ಪಕ್ಕದಲ್ಲೇ ಒಂದು ಪುಟ್ಟ ‘ಶ್ರೀ’ ಕೂಡ ಹುಟ್ಟುವುದುಂಟು. ಕೆಳಗಿನ ಲೆಕ್ಕ ತಪ್ಪಾದರೆ ಎರಡು ಕಡೆಯವರೂ ನೋಡಿಕೊಳ್ಳಲಿ ಎಂಬ ಸರ್ವಧರ್ಮ ಸಮನ್ವಯ ಇದು. ಇನ್ನು ಕ್ರೈಸ್ತ ಹುಡುಗರು ಧರ್ಮೋಪದೇಶಕ್ಕೆ ಹೋಗುವ ಹೊತ್ತಿಗೆ ಉಳಿದವರಿಗೆ ನೀತಿಪಾಠ. ಹೀಗೆ ಧರ್ಮ ತಿಳಿದವರಿಗೆ ನೀತಿ ತಪ್ಪಿತು, ನೀತಿ ತಿಳಿದವರಿಗೆ ಧರ್ಮ ತಪ್ಪಿತು. ಎರಡೂ ಪಂಗಡದವರು ಆಟದ ಮೈದಾನದಲ್ಲಿ ತುಳುವಿನಲ್ಲಿ ಬೈದಾಡಿಕೊಂಡು ಒಂದಾದರು.

ಈಗ ಮಹಾಪ್ರಮೇಯ. 1899ರಿಂದ 1901ರ ನಡುವೆ ಬ್ರದರ್ ಆಂಟೋನಿಯೋ ಮೊಶೇನಿ ಎಂಬ ಇಟಲಿಯ ಚಿತ್ರಕಾರ ಅಲೋಶಿಯಸ್ ಚಾಪೆಲಿನ ಗೋಡೆಗೆ ಫ್ರೆಸ್ಕೊ ಬರೆದರು, ಮಾಡಿಗೆ ಕ್ಯಾನ್ವಾಸಿನ ಮೇಲೆ ತೈಲಚಿತ್ರ ಬರೆದರು. ಫ್ರೆಸ್ಕೊ ಎಂದರೆ ಗಾರೆ ಒಣಗುವುದರೊಳಗೆ ಬಣ್ಣ ಮುಗಿಯಬೇಕು. ಗಂಟೆ ಹೊಡೆಯುವುದರೊಳಗೆ ಪಕ್ಕದವನ ಹೋಮ್‌ವರ್ಕ್ ಇಳಿಸಿಕೊಳ್ಳುವ ವಿದ್ಯೆಗೂ ಇದಕ್ಕೂ ವ್ಯತ್ಯಾಸ ಕಡಿಮೆ. ಕಲಾವಿಮರ್ಶಕರು ಬಣ್ಣವನ್ನು ಹೊಗಳಿ ಸುಮ್ಮನಾದರು. ಚಿತ್ರ ಎಲ್ಲೆಲ್ಲಿದೆ ಎಂಬುದನ್ನು ನೋಡಲಿಲ್ಲ. ಪ್ರಾರ್ಥನೆಯಲ್ಲಿ ಬೇಜಾರಾಗಿ ಹುಡುಗ ಕತ್ತೆತ್ತಿದರೆ ಮಾಡಿನಲ್ಲಿ ಶಾಲೆಗೆ ಹೆಸರು ಕೊಟ್ಟ ಸಂತ ಅಲೋಶಿಯಸ್ ಗೊನ್ಜಾಗನ ಜೀವನಚರಿತ್ರೆ. ಕಣ್ಣು ಪಕ್ಕಕ್ಕೆ ಜಾರಿತೋ, ಅಪೊಸ್ತಲರು. ಗೆಳೆಯನನ್ನು ಹುಡುಕುತ್ತ ಹಿಂದೆ ತಿರುಗಿದರೆ ಹಿಂಗೋಡೆಯಲ್ಲಿ ಮಕ್ಕಳ ನಡುವೆ ಯೇಸು. ಹುಡುಗರು ಮುಂದೆ ನೋಡುವುದಿಲ್ಲ ಎಂಬ ಸತ್ಯವನ್ನು ಒಪ್ಪಿಕೊಂಡು ಕಟ್ಟಿದ ಶಾಲೆ ಲೋಕದಲ್ಲಿ ಇನ್ನೊಂದಿದ್ದರೆ ತೋರಿಸಿ!

ಆ ಅಲೋಶಿಯಸ್, ರೋಮಿನಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತ ತಾನೂ ಕಾಯಿಲೆ ಬಿದ್ದು 1591ರ ಜೂನ್ 21ರಂದು ತೀರಿಕೊಂಡಾಗ ವಯಸ್ಸು ಬರೀ 23. ಅದು ತಮಾಷೆಯ ಮಾತಲ್ಲ. ಆದರೆ ಜೂನ್ 21ಕ್ಕೆ ಹಬ್ಬ ಬಿದ್ದದ್ದರಿಂದ ಮಂಗಳೂರಿನಲ್ಲಿ ಅದು ಕೊಡೆಗಳ ಹಬ್ಬವೂ ಆಗಿದೆ. ಕರಿ ಕೊಡೆಗಳೆಲ್ಲ ಜಗಲಿಯಲ್ಲಿ ನೀರು ಸುರಿಸುತ್ತ ಒಂದರ ಮೇಲೊಂದು ಬಿದ್ದಿರುತ್ತವೆ. ಬಟ್ಟೆಯ ಒಳಗೆ ಬಿಳಿ ಬಣ್ಣದಲ್ಲಿ ಹೆಸರು ಬರೆದಿದ್ದರೂ ಸಂಜೆ ಕೈಗೆ ಬರುವುದು ಕಡ್ಡಿ ಮುರಿದ, ಬೇರೆಯವನ ಕೊಡೆ. ಪರರ ವಸ್ತುವನ್ನು ಆಶಿಸಬೇಡ ಎಂಬ ಕಟ್ಟಳೆಗೆ ಮಳೆಗಾಲದಲ್ಲಿ ವಿನಾಯಿತಿ ಇದ್ದಿರಬೇಕು.

ಶಿಸ್ತಿನ ಫಲವನ್ನೂ ಪರಿಶೀಲಿಸೋಣ. ಇಲ್ಲಿ ಗಂಟೆಗೆ ಸರಿಯಾಗಿ ಸಾಲು ನಿಂತು ಕಲಿತ ಜಾರ್ಜ್ ಫರ್ನಾಂಡಿಸರು 1974ರಲ್ಲಿ ಮುಷ್ಕರ ಹೂಡಿ ದೇಶದ ರೈಲುಗಳನ್ನೇ ನಿಲ್ಲಿಸಹೊರಟರು. ಇಲ್ಲಿಯೇ ಓದಿದ ಅರವಿಂದ ಅಡಿಗರು 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದರು. ಅವರ ಇನ್ನೊಂದು ಪುಸ್ತಕದಲ್ಲಿ ಕ್ರೈಸ್ತ ಗಂಡುಹುಡುಗರ ಶಾಲೆಯ ವಿದ್ಯಾರ್ಥಿಯೊಬ್ಬ ತರಗತಿಯಲ್ಲೇ ಬಾಂಬು ಸಿಡಿಸುತ್ತಾನೆ. ನಮ್ಮ ಎರಡನೆಯ ಪರಂಪರೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ?

ಕೊನೆಗೆ ಶಾಸನಗಳು. ಕೈವಾರದ ಮೊನೆಯಿಂದ ಬೆಂಚಿನ ಮೇಲೆ ಕೊರೆದ ಇವು ಎಪಿಗ್ರಾಫಿಯಾ ಕರ್ನಾಟಿಕಾದ ಯಾವ ಸಂಪುಟದಲ್ಲೂ ಸೇರಿಲ್ಲ. ಮೈಸೂರು, ಕೊಡಗು ಸುತ್ತಿ ಆ ಸಂಪುಟಗಳಿಗೆ ಶಾಸನ ಕೂಡಿಸಿದ ರೈಸ್ ಸಾಹೇಬರಿಗೆ, ಮಂಗಳೂರು ಆಗ ಮದ್ರಾಸು ಪ್ರಾಂತದಲ್ಲಿತ್ತೆಂಬ ನೆಪ ಸಿಕ್ಕಿತು. ಆದಿಯಲ್ಲಿ ಹೆಸರು, ನಡುವೆ ತರಗತಿ ಮತ್ತು ವಿಭಾಗ, ಅಂತ್ಯದಲ್ಲಿ ಮಾಸ್ತರರೊಬ್ಬರ ಅಡ್ಡಹೆಸರು, ಇದು ಅವುಗಳ ಸಾಮಾನ್ಯ ಕ್ರಮ. ದಾನಶಾಸನ ಒಂದೂ ಇಲ್ಲ. ಶಾಪಾಶಯ ಮಾತ್ರ ಹೇರಳ. ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿ: ನಿಮ್ಮ ಶಾಲೆ ಹಳೇ ಬೆಂಚುಗಳನ್ನು ಸೌದೆಗೆ ಹಾಕುವ ಮುಂಚೆ ಹೋಗಿ ಒಂದು ಪಡಿಯಚ್ಚು ತೆಗೆದುಕೊಳ್ಳಿ. ಮಾಸ್ತರರ ಅಡ್ಡಹೆಸರಿರುವ ಸಾಲನ್ನು ಮಾತ್ರ, ಅವರು ನಿವೃತ್ತರಾದ ಮೇಲೆ ಪ್ರಕಟಿಸಿ.