ಸರತಿ ಸಾಲಿನ ಅವಿನಾಶಿತ್ವ: ಒಂದು ಶಾಸ್ತ್ರೀಯ ವಿವೇಚನೆ

ಆಡಳಿತ ಸುಧಾರಣಾ ಶಾಸ್ತ್ರದ ಆದಿಸೂತ್ರ ಇಷ್ಟು: ಸಾಲು ನಾಶವಾಗುವುದಿಲ್ಲ, ಬಾಗಿಲು ಬದಲಿಸುತ್ತದೆ. ಇದಕ್ಕೆ ಭಾಷ್ಯ ಬರೆಯುವ ಅಧಿಕಾರ ಕನ್ನಡಿಗರಿಗೇ ಮೀಸಲೆಂಬುದು ಪ್ರಬಂಧಕಾರನ ನಮ್ರ ನಿಲುವು. ದೇಶದ ಮೊದಲ ಆಡಳಿತ ಸುಧಾರಣಾ ಆಯೋಗ ಹುಟ್ಟಿದ್ದು 1966ರಲ್ಲಿ. ಮೊರಾರ್ಜಿ ದೇಸಾಯಿ ಎದ್ದ ಅದರ ಅಧ್ಯಕ್ಷ ಕುರ್ಚಿಯಲ್ಲಿ ಕೂತವರು ನಮ್ಮ ಕೆಂಗಲ್ ಹನುಮಂತಯ್ಯ. 2005ರ ಎರಡನೆಯದಕ್ಕೆ ವೀರಪ್ಪ ಮೊಯಿಲಿ. ಮೊದಲನೆಯದು 20 ವರದಿ ಕೊಟ್ಟಿತು, ಎರಡನೆಯದು 15. ಈ ಐದರ ಉಳಿತಾಯವೇ ಸುಧಾರಣೆಗೆ ಪ್ರತ್ಯಕ್ಷ ಪ್ರಮಾಣವೆಂದು ವಿದ್ವಾಂಸರ ಒಂದು ಪಂಥ ವಾದಿಸುತ್ತದೆ.

ವರದಿ ಫಲ ಕೊಡುವುದಿಲ್ಲ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಲೋಕಪಾಲ ಬೇಕೆಂದು ಮೊದಲ ಆಯೋಗ ಹೇಳಿದ್ದು 1966ರಲ್ಲಿ; ಕಾಯ್ದೆ ಬಂದದ್ದು 2013ರಲ್ಲಿ; ಲೋಕಪಾಲರು ಬಂದದ್ದು 2019ರಲ್ಲಿ. ತೆಂಗಿನ ಸಸಿ ನೆಟ್ಟವನೂ ಇಷ್ಟು ಕಾಯುವುದಿಲ್ಲ, ನಿಜ. ಆದರೆ ತೆಂಗಿಗೆ ಟಿಪ್ಪಣಿ ಹಾಳೆಯಿಲ್ಲ, ಮೇಲಧಿಕಾರಿಗಳ ಷರಾ ಇಲ್ಲ, ‘ಚರ್ಚಿಸಿ’ ಎಂಬ ಹಸಿರು ಶಾಯಿಯ ಅಪ್ಪಣೆಯೂ ಇಲ್ಲ.

ಇನ್ನು ಕರ್ನಾಟಕದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆಯ ಪರ್ವ. ಹಿಂದೆ ಪಹಣಿಯ ವಾಸ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ. ಲೆಕ್ಕಿಗರು ಸಿಕ್ಕರೆ ಪುಸ್ತಕ ಇರುತ್ತಿರಲಿಲ್ಲ, ಪುಸ್ತಕ ಇದ್ದರೆ ಲೆಕ್ಕಿಗರು ಸಿಗುತ್ತಿರಲಿಲ್ಲ. ಈ ಶತಮಾನದ ಆರಂಭಕ್ಕೆ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಹೊಕ್ಕು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿದಾಗ ನಮ್ಮ ಶಾಸ್ತ್ರಕ್ಕೇ ಸಂಚಕಾರ ಬಂತು. ಮ್ಯುಟೇಶನ್ ಅರ್ಜಿಗಳನ್ನೂ ಯಂತ್ರ ಸರದಿ ತಪ್ಪದೆ ಎತ್ತಿಕೊಳ್ಳುತ್ತಿತ್ತು. ಅದಕ್ಕೆ ಮುಖಪರಿಚಯವಿಲ್ಲ, ಕಾಫಿಯ ಅಭ್ಯಾಸವೂ ಇಲ್ಲ. ಇದು ಒಳ್ಳೆಯ ಕೆಲಸವೇ. ಪ್ರಬಂಧಕಾರ ಇಲ್ಲೊಂದು ಗಳಿಗೆ ಗಾಂಭೀರ್ಯ ಮರೆತು ಚಪ್ಪಾಳೆ ತಟ್ಟುತ್ತಾನೆ. ಸೂತ್ರ ಮಾತ್ರ ಸೋಲಲಿಲ್ಲ. ಅಪ್ಪನ ಹೆಸರಿಗೆ ಇಲ್ಲದ ಕೊಂಬು ಮೂಡಿದ್ದನ್ನು ಕಂಡ ರೈತ ತಿದ್ದುಪಡಿಗೆಂದು ಪಕ್ಕದ ಬಾಗಿಲಲ್ಲಿ ನಿಂತ. ಅವನ ಹಿಂದೆ ಇನ್ನೊಬ್ಬ. ಸಾಲು ಚಿಗುರಿತು. ಅದರ ಈಗಿನ ಬೀಜಮಂತ್ರ: ‘ಸರ್ವರ್ ಇಲ್ಲ.’

ಶಾಸ್ತ್ರದ ಗಣಿತಭಾಗ ‘ಸಕಾಲ’ದಲ್ಲಿದೆ. ಸರ್ಕಾರಿ ಸೇವೆಗಳಿಗೆ ಗಡುವು ಕಟ್ಟಿದ ಕರ್ನಾಟಕದ 2011ರ ಈ ಕಾಯ್ದೆಯಂತೆ ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಭಾಗಿಸಿ ನೋಡಿ: 25ನೇ ದಿನಕ್ಕೆ ಲೆಕ್ಕ ಚುಕ್ತಾ. ಆದ್ದರಿಂದ 26ನೇ ದಿನದಿಂದ ವಿಳಂಬ ಸಂಪೂರ್ಣ ಉಚಿತ ಎಂಬ ಪ್ರಮೇಯವನ್ನು ಇಲ್ಲಿ ಮಂಡಿಸಲಾಗಿದೆ.

ಪೂರ್ವಪಕ್ಷ: ಆ ದುಡ್ಡು ತಪ್ಪಿತಸ್ಥ ನೌಕರನಿಂದಲೇ ವಸೂಲಾಗುವಾಗ ತಡ ಮಾಡುವಷ್ಟು ದಡ್ಡರು ಯಾರು?

ಸಿದ್ಧಾಂತ: ತಡ ಮಾಡಬೇಕಾಗಿಯೇ ಇಲ್ಲ. ಗಡುವಿನ ಹಿಂದಿನ ಸಂಜೆ ‘ದಾಖಲೆ ಸಾಲದು’ ಎಂದು ಬರೆದು ಅರ್ಜಿ ತಿರಸ್ಕರಿಸಿದರೆ ಸಾಕು, ಅದು ಸಕಾಲದಲ್ಲೇ ವಿಲೇವಾರಿಯಾಯಿತು. ಮರುದಿನ ಜೆರಾಕ್ಸ್ ಅಂಗಡಿ, ಹೊಸ ಅರ್ಜಿ, ಹೊಸ ಸಂಖ್ಯೆ, ಹೊಸ ಗಡುವು. ತಿಂಗಳ ಪ್ರಗತಿ ವರದಿಯಲ್ಲಿ ಆ ಒಬ್ಬನೇ ಅರ್ಜಿದಾರ ಎರಡು ವಿಲೇವಾರಿಗಳಾಗಿ ಕಂಗೊಳಿಸುತ್ತಾನೆ.