ದೇವರಿಲ್ಲದ ಗುಡ್ಡ

ಕ್ಯಾಂಪರ್‌ವ್ಯಾನಿನೊಳಗೆ ಯಾವ ವಸ್ತುವಿಗೂ ಒಂದೇ ಜನ್ಮವಿಲ್ಲ. ಬೆಳಿಗ್ಗೆ ತಿಂಡಿಯ ಮೇಜಾಗಿದ್ದದ್ದು ರಾತ್ರಿ ಮಂಚದ ನಡುಭಾಗವಾಗುತ್ತದೆ. ಡ್ರೈವರ್ ಸೀಟು ಅರ್ಧ ಸುತ್ತು ತಿರುಗಿ ಜಗುಲಿಯ ಕುರ್ಚಿಯಾಗುತ್ತದೆ. ಸಿಂಕಿನ ಮುಚ್ಚಳವೇ ತರಕಾರಿ ಹೆಚ್ಚುವ ಮಣೆ, ಸೀಟಿನ ಹೊಟ್ಟೆಯೇ ಬೀರು, ಮಾಡನ್ನು ಎತ್ತಿ ನಿಲ್ಲಿಸಿದರೆ ಅದೇ ಮಹಡಿ. ಒಂದು ತೊಡಕು ಮಾತ್ರ ಉಂಟು. ಮೇಜು ಮಂಚವಾಗುವ ಹೊತ್ತಿಗೆ ಒಳಗಿರುವ ನಾಲ್ವರಲ್ಲಿ ಮೂವರು ಹೊರಗೆ ಹೋಗಿ ನಿಲ್ಲಬೇಕು. ಹೊರಗೆ ಮಳೆ.

ಈ ವ್ಯಾನಿನ ಪ್ರವಾಸ ಅಳಿಯನ ಆಲೋಚನೆ. ಮಗಳು ಅಳಿಯ ಇರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ. ಬೇಸಿಗೆಯಲ್ಲಿ ನಾವು ಹೋದಾಗ, "ಅತ್ತೆ, ಹೋಟೆಲಿನಲ್ಲಿ ಉಳಿದರೆ ನಿಮಗೆ ಊಟ ಸೇರಲ್ಲ. ಮನೇನೇ ತಗೊಂಡು ಲೇಕ್ ಡಿಸ್ಟ್ರಿಕ್ಟಿಗೆ ಹೋಗೋಣ, ಗುಡ್ಡ ಹತ್ತೋಣ" ಎಂದ. ಮನೆ ಬಿಟ್ಟು ನಾಲ್ಕು ದಿನ ಹಾಯಾಗಿರಲೆಂದೇ ಅಲ್ಲವೇ ಜನ ಪ್ರವಾಸ ಹೋಗುವುದು? ಜೀವಮಾನವಿಡೀ ಒಲೆ ಮುಂದೆ ನಿಂತವಳಿಗೆ ಒಲೆಯನ್ನೂ ಕಟ್ಟಿಕೊಂಡು ಹೋಗುವ ಪ್ರವಾಸ ಎಂಥದ್ದು? ಇದನ್ನೆಲ್ಲ ಬಾಯಿಬಿಟ್ಟು ಕೇಳುವಷ್ಟರಲ್ಲಿ ನಮ್ಮವರು ಅಲ್ಲಿನ ನಕಾಶೆ ಬಿಡಿಸಿಕೊಂಡು ನೆಲದ ಮೇಲೆ ಕೂತಾಗಿತ್ತು.

ನಮ್ಮವರು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದು ನಿವೃತ್ತರಾದವರು. ತೀರ್ಥಹಳ್ಳಿ ಸೀಮೆಯ ಎಷ್ಟೋ ಗದ್ದೆ ತೋಟಗಳ ಮೇಲೆ ಅವರ ಸರಪಳಿ ಹರಿದಿದೆ. ಮೈಸೂರು ಸೀಮೆಯನ್ನು ಅಳೆಯಲೆಂದು 1800ರಲ್ಲಿ ಬೆಂಗಳೂರಿನ ಬಯಲಲ್ಲಿ ಆಧಾರರೇಖೆ ಹಾಕಿದ ಲ್ಯಾಂಬ್ಟನ್ ಇದೇ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿನವನು ಎಂದು ಅವರು ವಿಮಾನದಲ್ಲೇ ನನಗೆ ಹೇಳಿದ್ದರು. ಊಟದ ಟ್ರೇ ಬಂದದ್ದರಿಂದ ಉಳಿದದ್ದು ತಪ್ಪಿತು. ಇಲ್ಲಿನ ಸರ್ವೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ 1791ರಿಂದಲೂ ಇದೆ. ಅದು 25,000ಕ್ಕೆ ಒಂದರ ಪ್ರಮಾಣದಲ್ಲಿ ಹೊರತರುವ ನಕಾಶೆಯಲ್ಲಿ ಒಂದೊಂದು ಹೊಲದ ಕಲ್ಲುಗೋಡೆಯೂ ಕಾಣುತ್ತದೆ, ಕಾಲುದಾರಿಗಳು ಹಸಿರು ಗೆರೆಗಳಾಗಿ ಓಡುತ್ತವೆ. ಮದುವೆಯ ಆಲ್ಬಂ ಅನ್ನು ಅವರು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

ಅವರ ವಿದ್ಯೆಗೆ ವ್ಯಾನಿನಲ್ಲಿ ಕೆಲಸವೂ ಸಿಕ್ಕಿತು. ಈ ವಾಹನ ಸಮತಟ್ಟಾಗಿ ನಿಲ್ಲಬೇಕು, ಇಲ್ಲದಿದ್ದರೆ ರಾತ್ರಿ ಎಲ್ಲರೂ ಒಂದೇ ಗೋಡೆಗೆ ಉರುಳಿ ಸೇರುತ್ತಾರೆ. ಅದಕ್ಕೆಂದು ಚಕ್ರದಡಿ ಇಡುವ ಪ್ಲಾಸ್ಟಿಕ್ ಇಳಿಜಾರುಗಳಿರುತ್ತವೆ. ಅಳಿಯ ವ್ಯಾನನ್ನು ಅಂಗುಲ ಅಂಗುಲ ಸರಿಸುವುದು, ಮಾವ ಮೇಜಿನ ಮೇಲೆ ರಸಮಟ್ಟ ಇಟ್ಟು ಕೈಸನ್ನೆ ಮಾಡುವುದು. ಅಕ್ಕಪಕ್ಕದವರು ಚಹಾ ಕಾಸಿ, ಕುಡಿದು, ಲೋಟ ತೊಳೆದಿಟ್ಟರೂ ನಮ್ಮ ವ್ಯಾನಿನ ಹದ್ದುಬಸ್ತು ಮುಗಿದಿರುತ್ತಿರಲಿಲ್ಲ. ಎಲ್ಲಿ ಬೇಕೆಂದರಲ್ಲಿ ನಿಲ್ಲಿಸಿ ಮಲಗುವಂತಿಲ್ಲ, ಜಮೀನಿನವರ ಒಪ್ಪಿಗೆ ಬೇಕು. ಹಾಗಾಗಿ ಕುರಿ ಸಾಕುವವರೇ ತಮ್ಮದೊಂದು ಹುಲ್ಲುಗಾವಲಿನಲ್ಲಿ ನಲ್ಲಿ, ಕರೆಂಟು, ಬಚ್ಚಲು ಕೊಟ್ಟು ಬಾಡಿಗೆಗೆ ಬಿಡುತ್ತಾರೆ.

ಅಡುಗೆಯ ಕಥೆ ಬೇರೆಯೇ ಇದೆ. ಎರಡು ಉರಿಯ ಗ್ಯಾಸ್ ಒಲೆ, ಅದರಿಂದ ಒಂದು ಮಾರು ದೂರಕ್ಕೆ ಹಾಸಿಗೆ. ಮೊದಲ ಸಂಜೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದದ್ದೇ ಮಾಡಿನಲ್ಲಿದ್ದ ಹೊಗೆಯ ಅಲಾರಾಂ ಕೂಗಿಕೊಂಡಿತು, ಎದುರು ಟೆಂಟಿನ ನಾಯಿ ಅದಕ್ಕೆ ದನಿಗೂಡಿಸಿತು. ಮೆಣಸಿನ ಘಾಟು ಕಿಟಕಿಯಿಂದ ಹೊರಟುಹೋಯಿತು, ಇಂಗು ಮಾತ್ರ ನಮ್ಮೊಂದಿಗೇ ಉಳಿದುಕೊಂಡಿತು. ದಿಂಬಿನಲ್ಲಿ ಇಂಗು, ರಗ್ಗಿನಲ್ಲಿ ಇಂಗು, ಮರುದಿನ ಬೆಟ್ಟದ ನಡುವೆ ಬಿಚ್ಚಿದ ರೇನ್‌ಕೋಟಿನಲ್ಲೂ ಇಂಗು. "ಕಳೆದುಹೋದ್ರೂ ಹುಡುಕೋದು ಸುಲಭ ಅಮ್ಮ" ಎಂದಳು ಮಗಳು. ಅವಳಿಗೆ ಒಳಗೊಳಗೇ ಸಂತೋಷವಾಗಿತ್ತು ಎಂದು ನನ್ನ ಅನುಮಾನ.

ಒಲೆಯ ಇನ್ನೊಂದು ಪಕ್ಕಕ್ಕೆ, ಒಂದು ತೆಳು ಬಾಗಿಲಿನ ಆಚೆ, ಶೌಚದ ಪೆಟ್ಟಿಗೆ. ನಮ್ಮ ಅತ್ತೆ ಬದುಕಿದ್ದಿದ್ದರೆ ಈ ವಾಸ್ತುವನ್ನು ನೋಡಿ ವ್ಯಾನಿನ ಹೊರಗೆ ಉಪವಾಸ ಕೂರುತ್ತಿದ್ದರು. ಅದರಡಿಯಲ್ಲಿ ನೀಲಿ ಔಷಧಿ ಹಾಕಿದ ಒಂದು ಡಬ್ಬಿ ಇರುತ್ತದೆ. ತುಂಬಿದ ಮೇಲೆ ಎಳೆದುಕೊಂಡು ಹೋಗಿ ಗೊತ್ತಾದ ಜಾಗದಲ್ಲಿ ಬರಿದು ಮಾಡಬೇಕು. ಬೆಳಿಗ್ಗೆ ಇಡೀ ಹುಲ್ಲುಗಾವಲಿನ ಗಂಡಸರು ತಂತಮ್ಮ ಡಬ್ಬಿ ಎಳೆದುಕೊಂಡು ಸಾಲಾಗಿ ಹೋಗುವರು. ಅವರಲ್ಲಿ ಡಾಕ್ಟರೂ ಇರಬಹುದು, ಜಡ್ಜೂ ಇರಬಹುದು. ಎದುರುಬದುರಾದಾಗ ತಲೆಯಾಡಿಸಿ, "ಇವತ್ತು ಬಿಸಿಲು ಬರುವ ಹಾಗಿದೆ" ಎಂದು ಮಾತಾಡಿ ಮುಂದೆ ಸಾಗುವರು. ನಮ್ಮ ಅಳಿಯನೂ ಆ ಮೆರವಣಿಗೆ ಸೇರಿಕೊಂಡ. ಮದುವೆಗೆ ಮುಂಚೆ ಹುಡುಗನ ಸಂಬಳ, ಗೋತ್ರ, ನಕ್ಷತ್ರ ಎಲ್ಲ ವಿಚಾರಿಸಿದ್ದೆವು. ಅವನ ನಿಜವಾದ ಗುಣ ನನಗೆ ತಿಳಿದದ್ದು ಈಗ.

ನಡಿಗೆಯ ಸಂಗತಿಗೆ ಬರುತ್ತೇನೆ. ಇಲ್ಲಿ ಹಳದಿ ಬಾಣದ ಗುರುತಿದ್ದರೆ ಅದು ಸಾರ್ವಜನಿಕರ ಕಾಲುದಾರಿ. ಯಾರದೋ ಹೊಲದ ನಡುವೆ ಹೋಗಲಿ, ಯಾರದೋ ಕೊಟ್ಟಿಗೆಯ ಅಂಗಳಕ್ಕೇ ನುಗ್ಗಲಿ, ನೀವು ಹೋಗಬಹುದು. ಅಡ್ಡವಾಗಿ ಉತ್ತುಬಿಟ್ಟರೂ ಹೊಲದವನು ದಾರಿಯನ್ನು ಮತ್ತೆ ಬಿಡಿಸಿಕೊಡಬೇಕು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಗೋಡೆಗಳು. ಅವನ್ನು ದಾಟಲು ನಮ್ಮ ಕಡೆಯಂಥದೇ ತಡಬೆ, ಉಣುಗೋಲು. ನಮ್ಮವರಿಗೆ ನಂಬಿಕೆ ಬರಲಿಲ್ಲ. ನಮ್ಮೂರ ಗ್ರಾಮನಕಾಶೆಗಳಲ್ಲೂ ಕಾಲುದಾರಿ, ಬಂಡಿದಾರಿ ಇವೆ. ನಕಾಶೆ ಕಂಡ ದಾರಿ ಎಂದು ಅರ್ಜಿ ಹಿಡಿದು ತಹಶೀಲ್ದಾರರ ಮುಂದೆ ನಿಂತವರನ್ನು, ನೆಲದ ಮೇಲೆ ಅದೇ ದಾರಿ ಯಾರದೋ ಅಡಿಕೆ ತೋಟದೊಳಗೆ ಕರಗಿಹೋದದ್ದನ್ನು ಅವರು ಬೇಕಾದಷ್ಟು ಕಂಡಿದ್ದಾರೆ. "ಮಾರಾಯ್ತಿ, ನಕಾಶೆಯಲ್ಲಿರೋ ದಾರಿ ನೆಲದ ಮೇಲೂ ಇದೆಯಲ್ಲ!" ಎಂದು ಪ್ರತಿ ತಡಬೆಯ ಮೇಲೂ ನಿಂತು ಹೇಳಿದರು. ಹಿಂದೆ ಬರುತ್ತಿದ್ದವರು ಅವರು ಇಳಿಯಲೆಂದು ಕಾಯುತ್ತಿದ್ದರು.

ಆದರೆ ನಡೆಯುವವರಿಗೆ ಇಲ್ಲೂ ಎಲ್ಲವೂ ಸುಮ್ಮನೆ ಸಿಕ್ಕಿಲ್ಲವಂತೆ. ಬಯಲು ಬೆಟ್ಟಗಳೆಲ್ಲ ದೊಡ್ಡವರ ಬೇಟೆಯ ಜಾಗಗಳಾಗಿ, ಕಾಲಿಟ್ಟರೆ ಕಾವಲುಗಾರರು ಅಟ್ಟುವ ಕಾಲವೊಂದಿತ್ತು. 1932ರ ಏಪ್ರಿಲ್ 24ರಂದು, ಮಗಳ ಮನೆಗೆ ದೂರವಲ್ಲದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಮ್ಯಾಂಚೆಸ್ಟರ್ ಕಡೆಯ ನೂರಾರು ಕಾರ್ಮಿಕರು ಬೇಕೆಂದೇ ನುಗ್ಗಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತರ ವಯಸ್ಸು. ಐದು ಜನ ಜೈಲಿಗೆ ಹೋದರು. ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದದ್ದು 1949ರಲ್ಲಿ, ತೆರೆದ ಬೆಟ್ಟಬಯಲಿನಲ್ಲಿ ಅಡ್ಡಾಡುವ ಹಕ್ಕು ಕಾನೂನಾದದ್ದು 2000ದಲ್ಲಿ. ವಾರವಿಡೀ ದುಡಿದವರು ಭಾನುವಾರ ಮಲಗುವುದು ಬಿಟ್ಟು ಗುಡ್ಡ ಹತ್ತಲಿಕ್ಕಾಗಿ ಜೈಲಿಗೆ ಹೋದದ್ದನ್ನು ಯೋಚಿಸಿದರೆ ನನಗೆ ಗೌರವವೂ ಬರುತ್ತದೆ, ಮಂಡಿಯೂ ನೋಯುತ್ತದೆ.

ಬಾರೊಡೇಲ್ ಕಣಿವೆಯ ಸೀತ್‌ವೈಟ್ ಎಂಬಲ್ಲಿ ಇಂಗ್ಲೆಂಡಿನ ಜನವಸತಿಗಳಲ್ಲೇ ಹೆಚ್ಚು ಮಳೆಯೆಂದು ಅಳಿಯ ಹೇಳಿದಾಗ ನಮ್ಮವರು ನಕ್ಕರು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಮೇಲೆ. ನಮ್ಮ ಆಗುಂಬೆಯದ್ದು 7,000 ದಾಟುತ್ತದೆ. "ಇದನ್ನ ನಾವು ಇಬ್ಬನಿ ಅಂತೀವಿ" ಎಂದು ಟೋಪಿಯಿಲ್ಲದೆ ಇಳಿದರು. ಆದರೆ ಆಗುಂಬೆಯ ಮಳೆ ಮೇಲಿನಿಂದ ಕೆಳಗೆ ಬೀಳುವ ಸಭ್ಯ ಮಳೆ. ಇದು ಗಾಳಿಯೊಂದಿಗೆ ಅಡ್ಡಡ್ಡ ಬಂದು ಕಿವಿಯೊಳಗೆ ಹೋಗಿ ಕೂರುತ್ತದೆ. ಆ ರಾತ್ರಿ ಇಂಗಿನ ರಗ್ಗುಗಳು ಅವರಿಗೆ ಎರಡು ಬೇಕಾದವು.

ಕುರಿಗಳು ಮಾತ್ರ ಅದೇ ಮಳೆಯಲ್ಲಿ ಮೇಯುತ್ತಿದ್ದವು. ಹರ್ಡ್‌ವಿಕ್ ತಳಿಯವು. ಹುಟ್ಟುವಾಗ ಕರಿ ಮರಿ, ವಯಸ್ಸಾದಂತೆ ನರೆಯುತ್ತ ಬೂದಿ ಬಣ್ಣಕ್ಕೆ ಬರುತ್ತವೆ, ಮುಖ ಬೆಳ್ಳಗಾಗುತ್ತದೆ. ಡೈ ಹಚ್ಚುವ ಪದ್ಧತಿ ಇಲ್ಲದ್ದರಿಂದ ವಯಸ್ಸು ಗೊತ್ತಾಗುತ್ತದೆ. ಬೇಲಿಯಿಲ್ಲದ ಬೆಟ್ಟದಲ್ಲೂ ಅವು ತಮ್ಮ ಪಾಲಿನ ಜಾಗ ಬಿಟ್ಟು ಹೋಗುವುದಿಲ್ಲ. ಎಲ್ಲಿಯವರೆಗೆ ನಮ್ಮದು ಎಂಬುದನ್ನು ಮರಿ ತಾಯಿಯಿಂದ ಕಲಿಯುತ್ತದೆ. ಒಂದೇ ಒಂದು ಹದ್ದುಬಸ್ತು ಅರ್ಜಿ ಇಲ್ಲ. ನಮ್ಮವರು ಒಂದು ಮುದಿ ಕುರಿಯನ್ನು ಬಹಳ ಹೊತ್ತು ಗೌರವದಿಂದ ನೋಡಿದರು.

ಗ್ರಾಸ್‌ಮಿಯರಿನಲ್ಲಿ ವರ್ಡ್ಸ್‌ವರ್ತ್‌ನ ಮನೆ ನೋಡಿದೆವು. ಕವಿಯ ಮನೆಯಲ್ಲಿ ಅಡುಗೆಮನೆ ಕತ್ತಲು ಎಂಬುದಷ್ಟೇ ನನಗೆ ನೆನಪು.

ಕೊನೆಗೆ ನಾವು ಹತ್ತಿದ್ದು ಕ್ಯಾಟ್‌ಬೆಲ್ಸ್. ಕೆಸ್ವಿಕ್ ಪೇಟೆಯಿಂದ ದೋಣಿಯಲ್ಲಿ ಸರೋವರದ ಆಚೆ ದಡಕ್ಕೆ, ಅಲ್ಲಿಂದ ನೇರ ಏರು. 451 ಮೀಟರಿನ ಗುಡ್ಡ, ಮಕ್ಕಳೂ ಹತ್ತುವಂಥದು ಎಂದಿದ್ದರು. ಮಕ್ಕಳು ಹತ್ತುತ್ತಿದ್ದರು ನಿಜ, ನನ್ನ ಪಕ್ಕದಿಂದ ಹಾರಿಕೊಂಡು. ಬಂಡೆ ಬಂದಲ್ಲಿ ಕೈಯೂ ಊರಬೇಕು. ದಾರಿಬುತ್ತಿಗೆಂದು ಮಗಳು ಕೆಂಡಲ್ ಮಿಂಟ್ ಕೇಕ್ ಕೊಟ್ಟಳು. 1953ರಲ್ಲಿ ಹಿಲರಿ ತೇನ್‌ಸಿಂಗರ ಜೊತೆ ಎವರೆಸ್ಟಿಗೆ ಹೋದ ತಿಂಡಿಯಂತೆ. ಬಾಯಿಗಿಟ್ಟರೆ ಪೆಪ್ಪರ್‌ಮಿಂಟ್ ಸೋಕಿಸಿದ ಸಂಕ್ರಾಂತಿಯ ಸಕ್ಕರೆ ಅಚ್ಚು. ಶುಗರ್ ಇರುವ ನಮ್ಮವರು ಎವರೆಸ್ಟಿನ ಹೆಸರು ಹೇಳಿಕೊಂಡು ಎರಡು ತುಂಡು ತಿಂದರು.

ತುದಿ ಮುಟ್ಟಿದೊಡನೆ ನನ್ನ ಕೈ ತಾನಾಗಿ ಮುಗಿಯಿತು. ಎದುರಿಗೆ ಬೋಳು ಬಂಡೆ. ಅದರ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಒಂದು ಹೆಂಗಸು ನನಗೆ ನಮಸ್ಕಾರ ಮಾಡಿದಳು. ನಮ್ಮಲ್ಲಿ ಗುಡ್ಡದ ತುದಿ ಹೀಗೆ ಬರಿದಾಗಿರುವುದಿಲ್ಲ. ಕುಂದಾದ್ರಿಯ ಮೇಲೆ ಪಾರ್ಶ್ವನಾಥನಿದ್ದಾನೆ, ಕವಲೇದುರ್ಗದ ಮೇಲೆ ಶಿವನಿದ್ದಾನೆ, ಕೊಡಚಾದ್ರಿಗೆ ಸರ್ವಜ್ಞ ಪೀಠವಿದೆ. ದೇವರಿಲ್ಲದ ಗುಡ್ಡಕ್ಕೆ ನಾವು ಹೋಗುತ್ತಿದ್ದದ್ದು ದನ ತಪ್ಪಿಸಿಕೊಂಡಾಗ ಅಥವಾ ಸೌದೆ ಮುಗಿದಾಗ. ಸುಮ್ಮನೆ ಹತ್ತಿ ಇಳಿದವನನ್ನು ಊರವರು ಮನೆಗೆ ಕರೆದು ಏನಾಯಿತೆಂದು ವಿಚಾರಿಸುತ್ತಿದ್ದರು.

ಹಾಗೆಂದು ಇಲ್ಲಿನವರೇನೂ ಪೂರ್ತಿ ನಿರ್ಮೋಹಿಗಳಲ್ಲ. ಆಲ್‌ಫ್ರೆಡ್ ವೇನ್‌ರೈಟ್ ಎಂಬ ಮುನಿಸಿಪಾಲಿಟಿ ಲೆಕ್ಕದ ನೌಕರ 1930ರಲ್ಲಿ ರಜೆಗೆಂದು ಇಲ್ಲಿಗೆ ಬಂದು, ಆರೆಸ್ಟ್ ಹೆಡ್ ಎಂಬ ಪುಟ್ಟ ಗುಡ್ಡದಿಂದ ಈ ಸೀಮೆಯನ್ನು ಕಂಡು ಮರುಳಾದ. ಮುಂದೆ ಕೆಂಡಲ್ ಪಟ್ಟಣದಲ್ಲಿ ಖಜಾಂಚಿಯಾಗಿದ್ದುಕೊಂಡೇ ರಜಾ ದಿನಗಳಲ್ಲಿ ಒಬ್ಬನೇ ಬೆಟ್ಟ ಸುತ್ತಿ, ರಾತ್ರಿ ಮನೆಯಲ್ಲಿ ಕೂತು, ಚಿತ್ರವನ್ನೂ ಅಕ್ಷರವನ್ನೂ ಕೈಯಲ್ಲೇ ಬರೆದು ಏಳು ಸಂಪುಟ ತಂದ, 1955ರಿಂದ 1966ರವರೆಗೆ. ಅದರಲ್ಲಿರುವ 214 ಗುಡ್ಡಗಳನ್ನೂ ಹತ್ತಿ ಮುಗಿಸುವುದು ಈಗ ಸಾವಿರಾರು ಜನರ ವ್ರತ. ಒಂಟಿಯಾಗಿರಲು ಬೆಟ್ಟಕ್ಕೆ ಹೋದವನ ಹಿಂದೆ ಊರಿಗೆ ಊರೇ ಹತ್ತಿಬಿಟ್ಟಿತು. ಅವನ ಬೂದಿಯನ್ನೂ ಒಂದು ಬೆಟ್ಟದ ಮೇಲೇ ಚೆಲ್ಲಿದ್ದಾರೆ.

ಬಂಡೆಯ ಮೇಲಿದ್ದ ಒಬ್ಬ ಹಿರಿಯರು, ಊರುಗೋಲಿಗೆ ಗಲ್ಲ ಆನಿಸಿ, "ನಿಮ್ಮದು ಎಷ್ಟು ವೇನ್‌ರೈಟ್ ಆಯಿತು?" ಎಂದು ನಮ್ಮವರನ್ನು ಕೇಳಿದರು. "ಇದೊಂದು" ಎಂದರು ಇವರು. ಅಷ್ಟಕ್ಕೆ ಬಿಡಬಹುದಿತ್ತು. ಬಿಡದೆ, ನಿಮ್ಮ ದೇಶದ ಅತಿ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರು, ನಮ್ಮ ಮುಳ್ಳಯ್ಯನಗಿರಿ ಹತ್ತಿರ ಹತ್ತಿರ ಅದರ ಎರಡರಷ್ಟು ಎಂದು ಸೇರಿಸಿದರು. ಹಿರಿಯರು ಹುಬ್ಬೇರಿಸಿ, ಹತ್ತಲು ಎಷ್ಟು ಹೊತ್ತು ಬೇಕೆಂದರು.

"ಚಿಕ್ಕಮಗಳೂರಿಂದ ಒಂದು ಗಂಟೆ."

"ಅಬ್ಬಾ, ಅಷ್ಟು ಬೇಗ ನಡೆಯುತ್ತೀರಾ?"

"ಇಲ್ಲ, ಕಾರಿನಲ್ಲಿ. ಕೊನೆಯಲ್ಲಿ ಸ್ವಲ್ಪ ಮೆಟ್ಟಿಲು."

ಹಿರಿಯರು ಏನೂ ಹೇಳಲಿಲ್ಲ. ನಮ್ಮವರಿಗೆ ಇಡೀ ಪಶ್ಚಿಮಘಟ್ಟದ ಮಾನ ತಮ್ಮ ಹೆಗಲ ಮೇಲೆ ಕೂತಂತಾಯಿತು. ಕುಮಾರಪರ್ವತ ಅಂತ ಇದೆ, ಕುಕ್ಕೆಯಿಂದ ಹೊರಟರೆ ಪೂರಾ ಕಾಲ್ನಡಿಗೆ, ಜಿಗಣೆ ಕಾಟ, ಕಡಿದಾದ ಏರು, ಗಟ್ಟಿಗರೇ ಉಸ್ಸೆನ್ನುತ್ತಾರೆ ಎಂದು ಕೈಯಲ್ಲಿ ಏರಿಳಿತವನ್ನೆಲ್ಲ ಬರೆದು ತೋರಿಸಿದರು. ಹಿರಿಯರ ಕಣ್ಣು ಅರಳಿತು. "ನೀವು ಹತ್ತಿದ್ದೀರಾ?"

"ನನ್ನ ಭಾವಮೈದ ಹತ್ತಿದ್ದಾನೆ" ಎಂದರು ನಮ್ಮವರು, ಉಳಿದಿದ್ದ ಮಿಂಟ್ ಕೇಕಿಗೆ ಕೈಹಾಕುತ್ತ.